ಹೊಲಿಗೆಯವಳು ನಾಟಕ ಕಲಿತದ್ದು

ಇಪ್ಪತ್ತೆರಡು ವರ್ಷ ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ತುಳಿದವಳು ನಾಟಕ ಕಲಿಯಲು ಹೊರಟಾಗ ಬೀದಿಯವರು ಅವಳಿಗೆ ತಲೆ ಕೆಟ್ಟಿದೆ ಅಂದರು. ಗಂಡ ಹಾಗನ್ನಲಿಲ್ಲ. ದಿನವಿಡೀ ಲಾರಿಗಳ ತೂಕ ಬರೆದುಕೊಳ್ಳುವ ಗುಮಾಸ್ತ ಅವನು. "ಹೋಗು. ಅಲ್ಲಿ ಮಾತ್ರ ಯಾರದ್ದಾದ್ರೂ ಹೆಂಡ್ತಿ ಪಾರ್ಟು ಮಾಡ್ಬೇಡ, ಅದರ ಅಭ್ಯಾಸ ಇಲ್ಲೇ ಬೇಕಾದಷ್ಟಾಗಿದೆ" ಎಂದು ನಕ್ಕ. ಮಗಳು ನಗಲಿಲ್ಲ.

ನಾಟಕದ ಹುಚ್ಚು ಹಿಡಿಸಿದ್ದು ಆ ಮಗಳೇ. ವಿಶ್ವವಿದ್ಯಾಲಯದ ಕಲಾಶಾಲೆಯಲ್ಲಿ ನಾಟಕ ಓದುತ್ತಿದ್ದಳು. ಮನೆಗೆ ಬಂದು ಮಾತು ಬಾಯಿಪಾಠ ಮಾಡುವಾಗ ಎದುರಿನ ಪಾತ್ರದ ಮಾತು ಹೇಳಲು ಯಾರಾದರೂ ಬೇಕಲ್ಲ? ಎರಡು ವರ್ಷ ಅದನ್ನು ಹೇಳಿದವಳು ಅಮ್ಮ. ಕಾಲು ಮಷಿನ್ ಮೇಲೆ, ಕಣ್ಣು ಹೊಲಿಗೆಯ ಮೇಲೆ, ಬಾಯಲ್ಲಿ ಒಮ್ಮೆ ರಾಜ, ಒಮ್ಮೆ ಕಳ್ಳ, ಒಮ್ಮೆ ಮಗಳ ಪ್ರಿಯಕರ. ಮಗಳಿಗಿಂತ ಮೊದಲೇ ಅವಳಿಗೆ ಎಲ್ಲ ಬಾಯಿಗೆ ಬರುತ್ತಿತ್ತು. ಆಮೇಲೊಂದು ದಿನ ಮಗಳೇ ಊಟಕ್ಕೆ ಕೂತಾಗ, ಶಾಲೆಗೆ ಸೇರಲು ಇನ್ನು ವಯಸ್ಸಿನ ಮಿತಿ ಇಲ್ಲವಂತೆ, ಮುದುಕರೂ ಬರಬಹುದಂತೆ ಎಂದು ತಮಾಷೆಗೆ ಹೇಳಿದಳು. ಅಮ್ಮ ಮರುವಾರವೇ ಅರ್ಜಿ ಹಾಕಿದಳು.

ಮಗಳು ಮೊದಲ ಸಲದ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಒಂದು ವರ್ಷ ಕಾದು ಸೇರಿದವಳು. ಅಮ್ಮ ಮೊದಲ ಸಲಕ್ಕೇ ಗೆದ್ದಳು. ಯಾರಿಗಾದರೂ ಕಾಯುತ್ತಿರುವ ಹಾಗೆ ಕೂರಿ ಅಂದಿದ್ದರು ಮೇಷ್ಟ್ರು. ಅವಳು ಕೂತು ತನ್ನ ತೋಳಿನ ಅಂಚಿನಲ್ಲಿ ಸಡಿಲವಾಗಿದ್ದ ಒಂದು ದಾರ ಹುಡುಕಿ, ಎಳೆಯಲೋ ಬೇಡವೋ ಎಂಬಂತೆ ಬೆರಳಿಗೆ ಸುತ್ತಿಕೊಳ್ಳುತ್ತಾ ಹೋದಳು. ಮೇಷ್ಟ್ರು ಪೆನ್ನು ಕೆಳಗಿಟ್ಟು ನೋಡಿದರಂತೆ. ಇದನ್ನು ಅವಳು ಮನೆಯಲ್ಲಿ ಮೂರು ಸಲ ಹೇಳಿದಳು. ಎರಡು ಸಲ ಸಾಕಾಗಿತ್ತು.

ತರಗತಿ ಶುರುವಾಗುವ ದಿನ ಬೆಳಗ್ಗೆ ಮಗಳು ಬಾಚಣಿಗೆ ಕೈಯಲ್ಲಿ ಹಿಡಿದು ಬಂದು ನಿಂತಳು.

"ಅಲ್ಲಿ ನಾನು ನಿನ್ನ ಮಗಳಲ್ಲ. ಎದುರಿಗೆ ಸಿಕ್ರೂ ಮಾತಾಡಿಸ್ಬೇಡ. ಒಂದೇ ಬಸ್ಸಿಗೆ ಬರ್ಬೇಡ. ಒಪ್ಕೊಂಡ್ರೆ ಹೋಗು."

ಅಮ್ಮ ಒಪ್ಪಿಕೊಂಡಳು. ಆ ಹೊತ್ತಿಗೆ ಅವಳು ಏನನ್ನು ಬೇಕಾದರೂ ಒಪ್ಪಿಕೊಳ್ಳುತ್ತಿದ್ದಳು. ಕಚೇರಿಯ ಕಡತಕ್ಕೆ ಮಾತ್ರ ಇಬ್ಬರ ಸಂಬಂಧ ಗೊತ್ತಿತ್ತು, ಕಡತ ಬಾಯಿ ಬಿಡುವುದಿಲ್ಲ.

ಅಭ್ಯಾಸದ ಕೋಣೆಗೆ ಮರದ ನೆಲ, ಒಂದು ಗೋಡೆಯುದ್ದಕ್ಕೂ ಕನ್ನಡಿ. ಬೆಳಗ್ಗೆ ಎಲ್ಲರೂ ನೆಲದ ಮೇಲೆ ಮಲಗಿ ಮೈ ಸಡಿಲ ಮಾಡಬೇಕು, ಉರುಳಬೇಕು, ಬೆಕ್ಕಿನಂತೆ ಏಳಬೇಕು. ಇವಳು ಏಳುವಾಗ ಮಂಡಿ ಲಟಕ್ಕೆನ್ನುತ್ತಿತ್ತು. ಮೊದಲ ವಾರವೇ 'ಪಿಂಚಣಿ' ಎಂಬ ಹೆಸರು ಬಿತ್ತು. ಪಿಂಚಣಿ ಬಂತು, ಪಿಂಚಣಿ ಇನ್ನೂ ಎದ್ದಿಲ್ಲ, ಪಿಂಚಣಿಗೆ ಒಂದು ಕುರ್ಚಿ ಹಾಕ್ರೋ. ಅವಳೂ ಜೊತೆಗೆ ನಕ್ಕಳು. ನಕ್ಕರೆ ತಾವೇ ಬಿಡುತ್ತಾರೆ ಎಂದುಕೊಂಡಿದ್ದಳು. ಅವರು ಬಿಡಲಿಲ್ಲ, ನಕ್ಕಿದ್ದನ್ನೇ ಪರವಾನಗಿ ಮಾಡಿಕೊಂಡರು. ಗುಂಡಿ ಕಿತ್ತುಬಂದರೆ ಅವಳ ಹತ್ತಿರ, ಪರದೆ ಹರಿದರೆ ಅವಳ ಹತ್ತಿರ. ಊಟದ ಮೇಜಿನಲ್ಲಿ ಮಾತ್ರ ಅವಳಿಗೆ ಜಾಗವಿರುತ್ತಿರಲಿಲ್ಲ.

ಒಮ್ಮೆ ಮೆಟ್ಟಿಲಲ್ಲಿ ಕಾಲು ಜಾರಿ ಬಿದ್ದಳು. ಚೀಲದಿಂದ ಪುಸ್ತಕ, ಊಟದ ಡಬ್ಬಿ, ಇಂಚುಪಟ್ಟಿ ಎಲ್ಲ ಉರುಳಿದವು. ಮೆಟ್ಟಿಲ ಕೆಳಗೆ ನಿಂತಿದ್ದವರಲ್ಲಿ ಮಗಳೂ ಇದ್ದಳು. ಗುಂಪು ನಕ್ಕಿತು. ಒಂದು ಕ್ಷಣ ತಡವಾಗಿ ಮಗಳೂ ನಕ್ಕಳು. ಮನೆಯಲ್ಲಿ ಮೊಣಕೈ ಊದಿದ್ದು ನೋಡಿ ಗಂಡ ಕೇಳಿದಾಗ, ಮಷಿನ್‌ಗೆ ತಗುಲಿತು ಅಂದಳು. ಮಗಳು ಎದುರಿಗೇ ಕೂತು ತಟ್ಟೆ ನೋಡುತ್ತಿದ್ದಳು.

ಇಷ್ಟಾದರೂ ಅಲ್ಲಿಯವರೆಗೆ ಅದು ಎಳೆಯರ ಉಡಾಫೆ ಅಷ್ಟೇ. ಕೆಟ್ಟದ್ದು ಶುರುವಾದದ್ದು ಕೊನೆಯ ವರ್ಷದವರ ದೊಡ್ಡ ನಾಟಕಕ್ಕೆ ಪಾತ್ರ ಹಂಚಿದಾಗ. ಅದರಲ್ಲಿ ಮಗುವನ್ನು ಕಳೆದುಕೊಂಡ ಒಬ್ಬ ವಿಧವೆಯ ಪಾತ್ರ, ಇಡೀ ನಾಟಕ ನಿಂತಿರುವುದೇ ಅವಳ ಮೇಲೆ. ಮೂರು ವರ್ಷದಿಂದ ಮಗಳ ಕಣ್ಣಿದ್ದದ್ದು ಅದರ ಮೇಲೆ. ಬೇಕಾದರೆ ಕೆಳಗಿನ ತರಗತಿಯವರನ್ನೂ ತೆಗೆದುಕೊಳ್ಳುವ ರೂಢಿಯಿತ್ತು, ಮೇಷ್ಟ್ರು ಅದನ್ನು ಅಮ್ಮನಿಗೆ ಕೊಟ್ಟರು. ಮಗಳಿಗೆ ಬಂದದ್ದು ಪಕ್ಕದ ಮನೆಯವಳ ಪಾತ್ರ, ಒಟ್ಟು ಹನ್ನೊಂದು ಮಾತು.

"ಬೇಡ ಅನ್ನು ಅಮ್ಮ," ಎಂದಳು ಮಗಳು. ಆ ವರ್ಷವಿಡೀ ಅವಳು ಅಷ್ಟು ಮೆತ್ತಗೆ ಮಾತಾಡಿದ್ದು ಅದೊಂದೇ ಸಲ. "ನಿನಗೆ ಇನ್ನೂ ಎರಡು ವರ್ಷ ಇದೆ. ನಂಗೆ ಇದೇ ಕೊನೇದು."

ನಾಳೆ ಹೇಳುತ್ತೇನೆ ಅಂದಳು ಅಮ್ಮ. ಮರುದಿನ ಮೇಷ್ಟ್ರ ಕೋಣೆಯ ಬಾಗಿಲವರೆಗೂ ಹೋದಳು. ಅವರು ತಲೆಯೆತ್ತಿ, ನಿಮ್ಮಂಥವರು ಹತ್ತು ವರ್ಷಕ್ಕೊಬ್ಬರು ಸಿಗುವುದು ಅಂದರು. ಅವಳು ಕೈ ಮುಗಿದು ವಾಪಸು ಬಂದಳು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅವಳಿಗೆ, ಕುತ್ತಿಗೆ ಸರಿಯಾಗಿ ಕೂತಿಲ್ಲ, ತೋಳು ಬಿಗಿಯಾಯಿತು ಎಂಬುದನ್ನು ಬಿಟ್ಟು ಬೇರೇನೂ ಹೇಳಿರಲಿಲ್ಲ. ಅವಳಿಗೆ ಪಾತ್ರ ಬೇಕಾಗಿತ್ತು. ಮಗಳಿಗಿಂತ ಹೆಚ್ಚಾಗಿ ಬೇಕಾಗಿತ್ತು. ಆ ಸಂಜೆ ಅವಳು ಮಷಿನ್ ಮುಂದೆ ಕೂತು ವಿಧವೆಯ ಮಾತು ಬಾಯಿಪಾಠ ಮಾಡಿದಳು.

ಆ ಪಾತ್ರದಲ್ಲಿ ಒಂದು ಅಳುವಿತ್ತು. ಎಷ್ಟು ಮಾಡಿದರೂ ಬರಲಿಲ್ಲ. ಕೊನೆಗೊಂದು ದಿನ ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಬಾಗಿಲು ಹಾಕಿಕೊಂಡು, ಅವಳು ತನ್ನ ಎರಡನೆಯ ಮಗುವನ್ನು ನೆನೆದಳು. ಗಂಡು ಮಗು. ಹತ್ತೊಂಬತ್ತು ದಿನ ಬದುಕಿತ್ತು. ಮಗಳಿಗೆ ಆಗ ಏಳು ವರ್ಷ. ಅಂದು ಆಸ್ಪತ್ರೆಯ ಬೆಂಚಿನ ಮೇಲೆ ಬಂದಿದ್ದ ಅಳು, ಮೊದಲು ಬಿಕ್ಕಳಿಕೆಯಂತೆ ಎರಡು ತುಂಡು, ಆಮೇಲೆ ಸಣ್ಣಗೆ ಎಳೆದು, ಉಸಿರು ಸಿಗದೆ ನಿಂತುಬಿಡುವುದು, ಅದು ಹಾಗೇ ಬಂತು. ಮಗಳು ಹಿಂದಿನ ಕೋಣೆಯಲ್ಲಿದ್ದಳು. ಅಮ್ಮನಿಗೆ ಅದು ಗೊತ್ತಿರಲಿಲ್ಲ. ಮರುದಿನದಿಂದ ಅಭ್ಯಾಸದ ಕೋಣೆಯಲ್ಲೂ ಅವಳು ಹಾಗೇ ಅತ್ತಳು.

ನಾಟಕಕ್ಕೆ ಒಂದು ವಾರ ಮೊದಲು ವಾರ್ಷಿಕ ಕೂಟ. ಮಧ್ಯಾಹ್ನದ ಹೊತ್ತು, ಸಭಾಂಗಣದ ತುಂಬ ಜನ. ಹಾಡು, ಕುಣಿತ, ಮೇಷ್ಟ್ರುಗಳ ಅಣಕ, ಎಲ್ಲ ಆಗಿ ಮಗಳ ಸರದಿ ಬಂತು. ಅವಳು ಶಾಲೆಗೇ ಮೊದಲನೆಯ ಅಣಕಗಾರ್ತಿ. ಒಂದು ಕುರ್ಚಿ ತಂದಿಟ್ಟಳು, ಏಳಲು ಹೋಗಿ ನಾಲಿಗೆಯಲ್ಲೇ ಲಟಕ್ಕೆನಿಸಿದಳು. 'ಪಿಂಚಣಿ' ಎಂದು ಸಭಾಂಗಣ ಕೂಗಿತು.

ಅಮ್ಮ ನಾಲ್ಕನೆಯ ಸಾಲಿನಲ್ಲಿದ್ದಳು. ಮುಖದ ಮೇಲೆ ನಗು ಹಾಕಿಕೊಂಡೇ ಕೂತಳು. ಮೊದಮೊದಲು ಎಲ್ಲರೂ ಕಂಡದ್ದೇ, ಉರುಳುವುದು, ಏಳುವುದು, ಗುಂಡಿ ಹಚ್ಚುವುದು. ಆಮೇಲೆ ಮನೆಯ ಹೊರಗೆ ಯಾರೂ ಕಾಣದ್ದು ಬರತೊಡಗಿತು. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಪ್ರಿಯಕರನ ಮಾತು ಹೇಳುವುದು. ಕನ್ನಡಿಯ ಮುಂದೆ ಇಂಚುಪಟ್ಟಿಯನ್ನು ಹೂಮಾಲೆಯಂತೆ ಕೊರಳಿಗೆ ಹಾಕಿಕೊಂಡು ಸನ್ಮಾನಕ್ಕೆ ಕೈ ಮುಗಿಯುವುದು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಕೊನೆಗೆ ಮಗಳು ನಿಂತಳು, ಸಭಾಂಗಣ ತಣ್ಣಗಾಗುವವರೆಗೆ ಕಾದಳು, ಆಮೇಲೆ ಅತ್ತಳು. ಎರಡು ತುಂಡು ಬಿಕ್ಕಳಿಕೆ. ಸಣ್ಣ ಎಳೆತ. ಉಸಿರಿನ ನಿಲುಗಡೆ. ಅಲ್ಲಿಗೆ ನಿಲ್ಲಿಸದೆ ಕಡೆಗೊಂದು ತೇಗು ಸೇರಿಸಿದಳು. ಕೆಲವರು ಬೆಂಚಿನಿಂದ ಕೆಳಗೇ ಬಿದ್ದರು. ಪಕ್ಕದಲ್ಲಿದ್ದ ಹುಡುಗಿ ಅಮ್ಮನ ಮೊಣಕೈ ತಿವಿದು, "ನೋಡಿ ಆಂಟಿ, ಥೇಟ್ ನೀವೇ" ಅಂದಳು. ಅಮ್ಮ ಹೌದೆಂದು ತಲೆಯಾಡಿಸಿದಳು.

ಮನೆಯಲ್ಲಿ ಅವಳು ಕಾಯುತ್ತಿದ್ದಳು. ಮಗಳು ಬಹುಮಾನದ ಲೋಟವನ್ನು ಮೇಜಿನ ಮೇಲಿಟ್ಟಳು.

"ಅದು ನಿನ್ನ ತಮ್ಮನಿಗೆ ಅತ್ತಿದ್ದು ಕಣೆ."

"ಗೊತ್ತು. ನಾನೂ ಆ ಬೆಂಚ್ ಮೇಲೆ ಇದ್ದೆ."

"ಗೊತ್ತಿದ್ದೂ?"

"ಅದನ್ನ ಮೊದಲು ನಾಟಕಕ್ಕೆ ತಗೊಂಡು ಹೋಗಿದ್ದು ನೀನು," ಎಂದಳು ಮಗಳು. "ನಾನು ಅದಾದ ಮೇಲೆ ತಗೊಂಡೆ."

ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನಾಟಕಕ್ಕೆ ಎರಡು ಪ್ರದರ್ಶನ. ಮೊದಲನೆಯದರಲ್ಲಿ ವಿಧವೆ ರಂಗದ ನಡುವೆ ಮಂಡಿಯೂರಿದಾಗ ಹಿಂದಿನ ಸಾಲುಗಳಲ್ಲಿ ಆಗಲೇ ಕೆಲವರು ಬಾಯಿಗೆ ಕೈ ಒತ್ತಿಕೊಂಡಿದ್ದರು. ಅಳು ಬಂತು. ಎರಡನೆಯ ಬಿಕ್ಕಳಿಕೆಗೆ ಒಬ್ಬ ಕಿಸಕ್ಕೆಂದ. ಆಮೇಲೆ ಕಟ್ಟೆ ಒಡೆದಂತೆ ಎಲ್ಲ ಕಡೆಯಿಂದ ನಗು. ಯಾರೋ ತೇಗನ್ನೂ ಸೇರಿಸಿದರು. ಪಕ್ಕದ ಮನೆಯವಳಾಗಿ ಮೂರು ಹೆಜ್ಜೆ ದೂರ ನಿಂತಿದ್ದ ಮಗಳು ತನ್ನ ಮಾತನ್ನು ಸರಿಯಾದ ಜಾಗದಲ್ಲೇ ಹೇಳಿದಳು.

ಮರುದಿನ ಮೇಷ್ಟ್ರು ಕರೆಸಿದರು. ನಿಮ್ಮ ತಪ್ಪಿಲ್ಲ ಅಂದರು, ಆದರೆ ನಿಮ್ಮ ಮುಖ ಕಂಡರೆ ಜನ ನಗುತ್ತಾರೆ, ಏನು ಮಾಡಲಿ ಅಂದರು. ಎರಡನೆಯ ಪ್ರದರ್ಶನಕ್ಕೆ ಪಾತ್ರ ಮಗಳಿಗೆ ಹೋಯಿತು. ಉಡುಪು ಅಮ್ಮ ತನ್ನ ಅಳತೆಗೆ ಹೊಲಿದುಕೊಂಡಿದ್ದು. ಚಿಕ್ಕದು ಮಾಡಲು ಶಾಲೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ವೇಷದ ಕೋಣೆಯಲ್ಲಿ ಎಲ್ಲರೆದುರು ಅವಳು ನೆಲದ ಮೇಲೆ ಮಂಡಿಯೂರಿ ಮಗಳ ಸೊಂಟದ ಸುತ್ತ ಗುಂಡುಸೂಜಿ ಚುಚ್ಚುತ್ತಾ ಬಂದಳು. "ಸ್ವಲ್ಪ ಬಿಗಿಯಾಯ್ತು," ಎಂದಳು ಮಗಳು ಒಮ್ಮೆ. ಅಮ್ಮ ಒಂದು ಸೂಜಿ ತೆಗೆದು ಸಡಿಲ ಮಾಡಿದಳು.

ಪ್ರದರ್ಶನಕ್ಕೆ ಗಂಡ ಹೋಗಿದ್ದ. ಅಮ್ಮ ಹೋಗಲಿಲ್ಲ. ಬಂದವನು ಬಹಳ ಹೊತ್ತು ಚಪ್ಪಲಿ ಬಿಡುತ್ತಾ ಕೂತ. ಹೇಗಿತ್ತು ಎಂದು ಅವಳೇ ಕೇಳಿದಳು. ಮಗಳು ಅಳಲೇ ಇಲ್ಲ, ಸುಮ್ಮನೆ ಕೂತಿದ್ದಳು, ಜನರೇ ಅತ್ತರು ಅಂದ. ನೀವು, ಎಂದು ಕೇಳಿದಳು. ಹೂಂ, ನಾನೂ ಅತ್ತೆ ಅಂದ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ, ಅದೊಂದು ದಿನವಾದರೂ ಇದ್ದಿದ್ದರೆ ಚೆನ್ನಾಗಿತ್ತು.

ಆ ನಾಟಕ ನೋಡಿದ ಒಂದು ತಂಡದವರು ಮಗಳನ್ನು ಕರೆದುಕೊಂಡರು. ದೂರದ ಊರು. ತಿಂಗಳಿಗೊಮ್ಮೆ ಅಪ್ಪನಿಗೆ ಫೋನ್ ಮಾಡುತ್ತಾಳೆ, ಅಮ್ಮ ಚೆನ್ನಾಗಿದ್ದಾಳಾ ಎಂದು ಅವನನ್ನೇ ಕೇಳುತ್ತಾಳೆ. ಅವನು ಚೆನ್ನಾಗಿದ್ದಾಳೆ ಅನ್ನುತ್ತಾನೆ. ಹೊಲಿಗೆಯವಳು ಶಾಲೆ ಬಿಡಲಿಲ್ಲ. ಉಳಿದ ಎರಡು ವರ್ಷವನ್ನೂ ಮುಗಿಸಿದಳು. ಅವಳಿಗೆ ಮುದುಕಿಯ ಪಾತ್ರ ಕೊಟ್ಟರು, ಬಾಗಿಲು ಕಾಯುವವಳ ಪಾತ್ರ ಕೊಟ್ಟರು, ಒಂದರಲ್ಲಿ ಜನ ಚಪ್ಪಾಳೆಯನ್ನೂ ತಟ್ಟಿದರು. ಅಳುವ ಪಾತ್ರವನ್ನು ಯಾರೂ ಕೊಡಲಿಲ್ಲ, ಅವಳು ಕೇಳಲೂ ಇಲ್ಲ. ಎರಡನೆಯ ದರ್ಜೆಯಲ್ಲಿ ಪಾಸಾದಳು. ಪ್ರಮಾಣಪತ್ರ ತರಲು ಹೋದ ದಿನ ಕಚೇರಿಯವನು, ಹೇಗೂ ಬಂದಿದ್ದೀರಿ, ಈ ಪರದೆಯ ಅಂಚು ಸ್ವಲ್ಪ ನೋಡಿ ಅಂದ. ಅವಳು ಚೀಲದಿಂದ ಸೂಜಿ ದಾರ ತೆಗೆದು ಅಲ್ಲೇ ಬೆಂಚಿನ ಮೇಲೆ ಕೂತಳು.