ಸುಬೇದಾರ ಬೊಗಳಲಿಲ್ಲ ಅಂದರೆ ಯಾರೂ ಬಂದಿಲ್ಲ

ಆ ಚಳಿಗಾಲದ ಬೆಳಿಗ್ಗೆ ಅಕ್ಕನ ಮನೆಯ ಗೇಟಿನ ಹೊರಗೆ ನಿಂತು ನಾನು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ಒಳಗೆ ಅಂಗಳದಲ್ಲಿ, ಎಳೆಬಿಸಿಲು ಬೀಳುವ ಜಾಗ ನೋಡಿಕೊಂಡು, ಭಾವ ನನಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತಿದ್ದರು. ಅವರ ಕಾಲ ಬುಡದಲ್ಲಿ ಗೋಣಿಚೀಲದ ಮೇಲೆ ನಾಯಿ ಮಲಗಿತ್ತು. ಇಬ್ಬರೂ ಕಂಬಳಿ ಹೊದ್ದಿದ್ದರು. ನಾನು ಕೂಗಿದೆ, ಚಿಲಕ ಅಲ್ಲಾಡಿಸಿದೆ, ಕೊನೆಗೆ ಒಂದು ಕಲ್ಲೆತ್ತಿಕೊಂಡು ಗೇಟಿನ ಕಬ್ಬಿಣಕ್ಕೆ ಕುಟ್ಟಿದೆ. ರಸ್ತೆಯ ಆಚೆ ತರಕಾರಿ ಹೊಲದಲ್ಲಿ ಬಕೆಟ್ ಹಿಡಿದಿದ್ದ ಹೆಂಗಸು ತಿರುಗಿ ನೋಡಿದಳು. ಇವರಿಬ್ಬರು ಮಾತ್ರ ಕದಲಲಿಲ್ಲ.

"ಸುಮ್ನೆ ಕೈ ನೋಯಿಸ್ಕೋಬೇಡಿ," ಎಂದಳು ಆ ಹೊಲದವಳು. "ಮೇಸ್ತ್ರಿ ಈಗ ಯಾರಿಗೂ ಗೇಟು ತೆಗೆಯಲ್ಲ. ದೊಡ್ಡವರಾಗಿಬಿಟ್ಟಿದ್ದಾರೆ. ನನ್ನ ಪಂಪು ಕೆಟ್ಟು ಕೂತಿದೆ, ನಾನೂ ಬಂದು ಬಡಿದು ಬಡಿದು ಸಾಕಾಗಿ ಬಿಟ್ಟೆ. ನೋಡಿ, ಬಕೆಟಲ್ಲಿ ನೀರು ಹೊರ್ತಿದ್ದೀನಿ."

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು, ವಯಸ್ಸಿಗೆ ಮುಂಚೆಯೇ ನಿವೃತ್ತಿ ಪಡೆದವಳು. ಹಳೆಯ ಕಾಲದ ಗರಗರ ಲೈನುಗಳಲ್ಲಿ ಕೂಗಿ ಕೂಗಿ ಪಳಗಿದ ದನಿ ನನ್ನದು. ಆ ದನಿಗೂ ಮರ್ಯಾದೆ ಸಿಗದೆ ಹೋದದ್ದಕ್ಕೆ ಮೈಯೆಲ್ಲ ಉರಿಯಿತು. ಬೇಲಿಯ ಸಂದಿಯಲ್ಲಿ ನುಸುಳಿದೆ. ಹೊಸ ಶಾಲು ಮುಳ್ಳಿಗೆ ಸಿಕ್ಕಿ ಹರಿಯಿತು. ಹೋಗಿ ಭಾವನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತೆ.

"ಅರೆ! ಯಾವಾಗ ಬಂದೆ?" ಎಂದರು ಭಾವ, ನಿಜವಾದ ಸಂತೋಷದಿಂದ. ಆಮೇಲೆ ಕೆಳಗೆ ನೋಡಿ, "ಸುಬೇದಾರ ಬೊಗಳಲೇ ಇಲ್ವಲ್ಲ. ನಿನ್ನ ಗುರುತು ಹಿಡಿದುಬಿಟ್ಟಿದ್ದಾನೆ ನೋಡು, ಜಾಣ," ಎಂದರು. ಜಾಣ ಗೊರಕೆ ಹೊಡೆಯುತ್ತಿದ್ದ.

ಭಾವನನ್ನು ಸುತ್ತಮುತ್ತಲಿನವರು ಪಂಪ್ ಮೇಸ್ತ್ರಿ ಎನ್ನುತ್ತಾರೆ. ನೀರೆತ್ತುವ ಯಾವ ಯಂತ್ರವೇ ಆಗಲಿ, ಬಿಚ್ಚಿ, ಒರೆಸಿ, ಬೈದು, ಮತ್ತೆ ಜೋಡಿಸಿ ನಡೆಸಿಕೊಡುವುದು ಅವರ ಕಸುಬು. ಮದುವೆಯಾದಾಗಲೂ ಅದನ್ನೇ ಮಾಡುತ್ತಿದ್ದರು. ಮದುವೆಯ ದಿನವೂ ಒಂದು ಪಂಪು ನೋಡಿಕೊಂಡೇ ಬಂದರು ಎಂದು ಅಕ್ಕ ಇವತ್ತಿಗೂ ಕುಟುಕುತ್ತಾಳೆ. ಮನೆಯ ಪಕ್ಕದ ತಗಡಿನ ಷೆಡ್ಡೇ ಅವರ ವರ್ಕ್‌ಶಾಪು. ಚಳಿಗಾಲವೆಂದರೆ ಅವರಿಗೆ ಸುಗ್ಗಿ. ಗ್ರೀಸು ಗಟ್ಟಿಯಾಗುತ್ತದೆ, ರಬ್ಬರು ಬಿರಿಯುತ್ತದೆ, ಪಂಪುಗಳು ಒಂದಾದ ಮೇಲೊಂದು ಮುಷ್ಕರ ಹೂಡುತ್ತವೆ. ಅಂಥ ಕಾಲದಲ್ಲಿ ಈ ಮನುಷ್ಯ ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದರು. ಬಿಸಿಲು ಸರಿದಂತೆ ಸ್ಟೂಲು ಸರಿಯುತ್ತಿತ್ತು, ಸ್ಟೂಲು ಸರಿದಂತೆ ಗೋಣಿಚೀಲ ಸರಿಯುತ್ತಿತ್ತು. ನಾಯಿ ಮಲಗಿದಲ್ಲಿಂದ ಏಳದಂತೆ ಚೀಲವನ್ನೇ ಎಳೆಯುತ್ತಿದ್ದರು.

"ಈ ವರ್ಷ ಯಾರ ಪಂಪೂ ಕೆಟ್ಟಿಲ್ಲ," ಎಂದರು ಮಧ್ಯಾಹ್ನ ಊಟಕ್ಕೆ ಕೂತಾಗ. "ಕೆಟ್ಟರೂ ಬೇರೆ ಕಡೆ ಹೋಗ್ತಾರೇನೋ. ಮುದುಕನ ಹತ್ರ ಯಾಕೆ ಬರ್ತಾರೆ? ಸಾಮಾನೆಲ್ಲ ಗುಜರಿಯವನಿಗೆ ಕೊಟ್ಟುಬಿಡ್ತೀನಿ ಅಂತ ಹೇಳಿ ಕಳಿಸಿದ್ದೀನಿ. ನಾಳೆ ಬರ್ತಾನೆ."

"ಜನ ಬಂದು ಗೇಟು ಬಡಿದು ಹೋಗ್ತಿದ್ದಾರಂತಲ್ಲ ಭಾವ?"

"ಯಾರು ಹೇಳಿದ್ದು? ಯಾರಾದ್ರೂ ಬಂದಿದ್ರೆ ಸುಬೇದಾರ ಸುಮ್ನಿರ್ತಿದ್ನಾ?"

ಅಲ್ಲಿಗೆ ವಾದ ಮುಗಿಯಿತು. ಆ ಮನೆಯ ಕಾನೂನು ಅದು. ನಾಯಿ ಬೊಗಳಿದರೆ ಯಾರೋ ಬಂದಿದ್ದಾರೆ, ಬೊಗಳದಿದ್ದರೆ ಯಾರೂ ಬಂದಿಲ್ಲ. ಗೇಟಿಗೆ ಗಂಟೆ ಕಟ್ಟಿಸಿ ಎಂದಾಗಲೆಲ್ಲ ಭಾವ ನಾಯಿಗೇ ಅವಮಾನ ಮಾಡಿದೆವೇನೋ ಎಂಬಂತೆ ಮುಖ ಮಾಡುತ್ತಿದ್ದರು. ಪ್ರಾಯದಲ್ಲಿ ಅದು ನಿಜವಾಗಿಯೂ ಸುಬೇದಾರನೇ. ಬಂದವರನ್ನು ಗೇಟಿನಲ್ಲೇ ತಡೆದು ಪೂರ್ತಿ ವಿಚಾರಣೆ ಮಾಡಿಯೇ ಬಿಡುತ್ತಿತ್ತು. ಈಗ ಹಿಂಗಾಲು ಎಳೆಯುತ್ತದೆ, ಮೂತಿಯೆಲ್ಲ ಬೆಳ್ಳಗಾಗಿದೆ, ಹಾಲನ್ನು ಉಗುರುಬೆಚ್ಚಗೆ ಮಾಡಿ ಕೊಡದಿದ್ದರೆ ಮುಖ ತಿರುಗಿಸುತ್ತದೆ. ಭಾವ ಬೆಳಿಗ್ಗೆ ಸಂಜೆ ಅದರ ಕೀಲುಗಳಿಗೆ ಎಣ್ಣೆ ತಿಕ್ಕುತ್ತಾರೆ. "ಬೇರಿಂಗ್ ಸವೆದಿದೆ, ಮಿಕ್ಕಿದ್ದೆಲ್ಲ ಕಂಡೀಶನ್," ಎನ್ನುತ್ತಾರೆ.

ಫೋನಿಲ್ಲವೇ ಎಂದರೆ, ಇದೆ. ಷೆಡ್ಡಿನ ಮೊಳೆಗೆ ನೇತುಹಾಕಿದ ಚೀಲದೊಳಗಿದೆ. ತೆಗೆದು ನೋಡಿದರೆ ಎತ್ತದೆ ಬಿಟ್ಟ ಕರೆಗಳ ರಾಶಿ. "ಬರೀ ಕಂಪನಿಯವರ ಕಾಟ," ಎಂದರು ಭಾವ.

ಸಂಜೆ ಅಕ್ಕ ಬಂದಳು. ಅವಳು ಪಟ್ಟಣದ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳೆ. ಬೆಳಕು ಹರಿಯುವ ಮುಂಚೆ ಹೊರಟರೆ ಕತ್ತಲಾಗುವ ಹೊತ್ತಿಗೆ ವಾಪಸು. ದಿನವಿಡೀ ಆ ದೊಡ್ಡ ದೊಡ್ಡ ಯಂತ್ರಗಳ ಗಡಗಡದಲ್ಲಿ ಪಕ್ಕದವಳ ಮಾತೂ ಕೇಳುವುದಿಲ್ಲ, ಹಾಗಾಗಿ ಬಾಯಿ ಮುಚ್ಚಿಕೊಂಡೇ ಕೆಲಸ. ನಾನು ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ.

"ಭಾವನಿಗೆ ಕಿವಿ ಕೇಳಲ್ಲ."

"ಮೆಲ್ಲಗೆ ಹೇಳೇ."

"ಮೆಲ್ಲಗೆ ಯಾಕೆ ಹೇಳ್ಬೇಕು? ಕೇಳಲ್ಲ ಅಂತ ತಾನೇ ಹೇಳ್ತಿರೋದು!"

ಅಕ್ಕ ಚಹಾದ ಪಾತ್ರೆ ಒಲೆಗಿಟ್ಟಳು. ಅವಳಿಗೆ ಗೊತ್ತಿತ್ತು. ಎದುರಿಗೆ ಕೂತು ಗಟ್ಟಿಯಾಗಿ ಮಾತಾಡಿದರೆ ತುಟಿ ನೋಡಿಕೊಂಡು ಸಂಭಾಳಿಸುತ್ತಾರೆ, ಬೆನ್ನ ಹಿಂದಿನಿಂದ ಮಾತಾಡಿದರೆ ಮುಗಿಯಿತು ಎಂದಳು. "ಅವರಿಗೆ ಹೇಳ್ಬೇಡ ಮಾರಾಯ್ತಿ, ನಿನಗೆ ಕೈ ಮುಗೀತೀನಿ. ಕಿವಿ ಹೋದ ಮೆಕ್ಯಾನಿಕ್ ಮನೇಲಿ ಕೂತ್ಕೋಬೇಕು ಅಂತ ಅವರೇ ಎಷ್ಟು ಸಲ ಹೇಳಿದ್ದಾರೆ. ಗೊತ್ತಾದ್ರೆ ಆ ಕ್ಷಣವೇ ಕೆಲಸ ಬಿಡ್ತಾರೆ. ಕೆಲಸ ಬಿಟ್ರೆ ಅವರು ಉಳಿಯಲ್ಲ ಕಣೇ."

"ಈಗ ಬಿಟ್ಟಿಲ್ವಾ? ನಾಳೆ ಗುಜರಿಯವನು ಬರ್ತಾನಂತೆ."

ಅಕ್ಕನಿಗೆ ಅದು ಗೊತ್ತಿರಲಿಲ್ಲ. ಚಹಾ ಉಕ್ಕಿ ಒಲೆಯೆಲ್ಲ ಹರಿಯಿತು. ಒರೆಸುತ್ತಾ, "ಹೇಗಾದ್ರೂ ತಪ್ಪಿಸು. ಆದ್ರೆ ಕಿವಿ ವಿಷಯ ಎತ್ತಬೇಡ," ಎಂದಳು. ಮನುಷ್ಯ ಕಸುಬು ಬಿಟ್ಟುಬಿಡುತ್ತಾನೆಂಬ ಹೆದರಿಕೆಯಿಂದ ಇವಳು ಬಾಯಿ ಬಿಡಲಿಲ್ಲ, ಇವಳು ಬಾಯಿ ಬಿಡದೆ ಇದ್ದದ್ದಕ್ಕೇ ಆ ಮನುಷ್ಯ ಕಸುಬು ಬಿಡುತ್ತಿದ್ದಾನೆ. ಇಂಥ ದಂಪತಿಗೆ ಏನು ಹೇಳುವುದು? ನನಗೆ ಇಬ್ಬರ ತಲೆಯನ್ನೂ ಕುಟ್ಟಬೇಕೆನಿಸಿತು. ಆದರೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮಾರನೇ ದಿನ ಅಕ್ಕ ಕೆಲಸಕ್ಕೆ ಹೋದ ಮೇಲೆ ಭಾವ ಷೆಡ್ಡಿನ ಸಾಮಾನನ್ನೆಲ್ಲ ಹೊರಗೆ ಹರಡಿ ಒರೆಸಲು ಕೂತರು. ಕೊಡುವ ಸಾಮಾನು ಕೊಳಕಾಗಿರಬಾರದಂತೆ. ನಾನು ಮಾತು ತೆಗೆಯಲು ನೋಡಿದೆ. ವಯಸ್ಸಾದ ಮೇಲೆ ಎಲ್ಲರಿಗೂ ಕಣ್ಣು, ಕಿವಿ ಸ್ವಲ್ಪ ಹಾಗೆ ಹೀಗೆ ಆಗುತ್ತೆ ಎಂದೆ. ಭಾವ ನನ್ನನ್ನು ದಿಟ್ಟಿಸಿ ನೋಡಿ, ಮನೆಯ ಬಾವಿಯ ಮೋಟರು ಹಾಕಿದರು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕಣ್ಣು ಮುಚ್ಚಿದರು. ಈ ಕಸುಬಿನವರು ಯಂತ್ರದ ನಾಡಿ ನೋಡುವುದೇ ಹಾಗೆ.

"ಹಿಂದಿನ ಬೇರಿಂಗು ಬರೋ ಬೇಸಿಗೆಗೆ ಹೋಗುತ್ತೆ," ಎಂದರು. "ನಿನ್ನ ಕಿವಿಗೆ ಕೇಳುತ್ತಾ ಇದು?"

ನನಗೆ ಕೇಳಲಿಲ್ಲ. ಆ ಸದ್ದು ಹೋಗುವುದು ಮೂಳೆಯ ದಾರಿಯಿಂದ, ಕಿವಿಯ ದಾರಿ ಬೇರೆ ಎಂದು ಹೇಳಬಹುದಿತ್ತು. ಅಕ್ಕನಿಗೆ ಕೊಟ್ಟ ಮಾತು ಅಡ್ಡ ಬಂತು. ಬಾಯಿ ಮುಚ್ಚಿಕೊಂಡು ಬಂದು ಜಗಲಿಯಲ್ಲಿ ಪೇಪರು ಹಿಡಿದು ಕೂತೆ.

ಬಿಸಿಲು ಏರುವ ಹೊತ್ತಿಗೆ ಗುಜರಿಯವನ ಗಾಡಿ ಬಂದು ನಿಂತಿತು. ಗೇಟು ಬಡಿದ. "ಮೇಸ್ತ್ರೀ!" ಎಂದು ಕೂಗಿದ. ಮತ್ತೆ ಬಡಿದ. ಭಾವ ಷೆಡ್ಡಿನ ಮರೆಯಲ್ಲಿ ಸ್ಪ್ಯಾನರ್ ಒರೆಸುತ್ತಿದ್ದರು. ಸುಬೇದಾರ ಕನಸಿನಲ್ಲಿ ಏನನ್ನೋ ಅಟ್ಟಿಸಿಕೊಂಡು ಹೋಗುತ್ತಾ ಮುಂಗಾಲು ಆಡಿಸುತ್ತಿತ್ತು. ನಾನು ಪೇಪರಿನ ಹಾಳೆ ಮಗುಚಿದೆ. ಹವಾಮಾನದ ಸುದ್ದಿ ಓದಿದೆ, ಚಳಿ ಇನ್ನೂ ಹೆಚ್ಚುತ್ತದಂತೆ. ಗುಜರಿಯವನು ಭಾವನ ವಂಶವನ್ನೆಲ್ಲ ನೆನೆಸಿಕೊಂಡು ಗಾಡಿ ತಿರುಗಿಸಿದ.

"ಬರಲೇ ಇಲ್ಲ ನೋಡು," ಎಂದರು ಭಾವ ಸಂಜೆ. "ಈಗಿನವರಿಗೆ ಮಾತಿಗೆ ಬೆಲೆಯೇ ಇಲ್ಲ."

"ಇಲ್ಲವೇ ಇಲ್ಲ," ಎಂದೆ.

ಆದರೆ ಹಾಗೆ ಎಷ್ಟು ದಿನ ಪೇಪರು ಓದುವುದು? ಭಾವನ ಕಿವಿಯ ಬಗ್ಗೆ ತಾನೇ ಮಾತು ಕೊಟ್ಟದ್ದು, ನಾಯಿಯ ಕಿವಿಯ ಬಗ್ಗೆ ಅಲ್ಲವಲ್ಲ. ಮರುದಿನ ಬೆಳಿಗ್ಗೆ ಸುಬೇದಾರನ ತಲೆಯ ಹಿಂದೆ ಒಂದು ತಟ್ಟೆಯನ್ನು ಸೌಟಿನಿಂದ ಬಾರಿಸಿದೆ. ಅದು ಬಾಲದ ತುದಿಯನ್ನೂ ಆಡಿಸಲಿಲ್ಲ.

"ಭಾವ, ನಿಮ್ಮ ಸುಬೇದಾರ ಪೂರ್ತಿ ಕಿವುಡ."

"ಅವನ ಘನತೆ ನಿನಗೆ ಗೊತ್ತಿಲ್ಲ. ತಟ್ಟೆಗೆಲ್ಲ ಅವನು ಏಳಲ್ಲ."

"ಹಾಗಾದ್ರೆ ಯಾವುದಕ್ಕೆ ಏಳ್ತಾನೆ, ನೀವೇ ತೋರಿಸಿ."

ಭಾವ ಎದ್ದರು. ಕಬ್ಬಿಣ ಉಜ್ಜುವ ಗ್ರೈಂಡರ್ ಎಂದರೆ ಸುಬೇದಾರನಿಗೆ ಮರಿಯಾಗಿದ್ದಾಗಿನಿಂದ ಆಗದು. ಅದರ ಸದ್ದು ಕೇಳಿದರೆ ಬಾಲ ಮುದುಡಿ ಮಂಚದಡಿ ಸೇರುತ್ತಿತ್ತು. ಭಾವ ಗ್ರೈಂಡರನ್ನು ಗೋಣಿಚೀಲದ ಹತ್ತಿರಕ್ಕೇ ತಂದು ಹಾಕಿದರು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ನಾಯಿ ಮಲಗೇ ಇತ್ತು. ಇನ್ನಷ್ಟು ಹತ್ತಿರ ಹಿಡಿದರು. ನಾಯಿ ಒಂದು ಸಲ ನಿಟ್ಟುಸಿರು ಬಿಟ್ಟು ಮಗ್ಗುಲು ಬದಲಿಸಿತು.

ಭಾವ ಸ್ವಿಚ್ ಆರಿಸಿದರು. ಗ್ರೈಂಡರನ್ನು ನೆಲಕ್ಕಿಟ್ಟರು.

"ಹೌದು, ಹೋಗಿದೆ," ಎಂದರು. ಆಮೇಲೆ ಗೇಟಿನ ಕಡೆ ನೋಡಿದರು. ನಿಧಾನವಾಗಿ, ಪಂಪು ಬಿಚ್ಚುವ ಹಾಗೆ, ಒಂದೊಂದೇ ಕೇಳಿದರು. "ಹಾಗಾದ್ರೆ ಜನ ಬರ್ತಿದ್ರಾ?"

"ಬರ್ತಿದ್ರು."

"ನಾನು ಇಲ್ಲೇ ಇದ್ದೆನಲ್ಲ."

"ಇದ್ರಿ."

"ನಿನ್ನೆ ಗುಜರಿಯವನು?"

"ಬಂದಿದ್ದ. ಗೇಟು ಮುರಿಯೋ ಹಾಗೆ ಬಡಿದು ಹೋದ."

"ನಿನಗೆ ಕೇಳಿಸ್ತಾ?"

"ಚೆನ್ನಾಗಿ ಕೇಳಿಸ್ತು."

"ಮತ್ತೆ ಎದ್ದು ತೆಗೀಲಿಲ್ಲ?"

"ಚಳಿ ಇತ್ತು ಭಾವ. ಏಳೋಕೆ ಮನಸ್ಸು ಬರಲಿಲ್ಲ."

ಅವರು ನಗಲಿಲ್ಲ. ಸ್ಟೂಲಿನ ಮೇಲೆ ಕೂತು ಎಣ್ಣೆ ಬಟ್ಟೆಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ನನಗೆ ಅಳು ಬಂತು. ಇಷ್ಟು ವರ್ಷಗಳಲ್ಲಿ ಆ ಮನುಷ್ಯ ಯಾರಿಗೂ ಒಂದು ಬಿರುಸು ಮಾತು ಆಡಿದ್ದನ್ನು ನಾನು ಕಂಡವಳಲ್ಲ. ಅವರಿಗೆ ಹೀಗೆ ತಟ್ಟೆ ಬಾರಿಸಿ ತಿಳಿಸಿದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಇನ್ನೇನು, ಕೆಲಸ ಬಿಟ್ಟೆ ಎನ್ನುತ್ತಾರೆ, ಅಕ್ಕ ನನ್ನನ್ನು ಮನೆಯಿಂದ ಓಡಿಸುತ್ತಾಳೆ ಎಂದುಕೊಂಡೆ.

ಭಾವ ಎದ್ದರು. ಒಂದು ಕೈಯಲ್ಲಿ ಸ್ಟೂಲು ಹಿಡಿದು, ಇನ್ನೊಂದು ಕೈಯಲ್ಲಿ ಗೋಣಿಚೀಲವನ್ನು ನಾಯಿಯ ಸಮೇತ ಎಳೆಯುತ್ತಾ ಗೇಟಿನವರೆಗೆ ಹೋದರು. ಅಗುಳಿ ತೆಗೆದು ಗೇಟನ್ನು ಪೂರ್ತಿ ತೆರೆದಿಟ್ಟು, ರಸ್ತೆಗೆ ಮುಖ ಮಾಡಿ ಕೂತರು. ಅಲ್ಲಿ ಬಿಸಿಲಿರಲಿಲ್ಲ. ನಾನು ಕಂಬಳಿ ತಂದು ಹೊದಿಸಿದೆ.

ಹೊಲದವಳು ಬಕೆಟ್ ಕೆಳಗಿಟ್ಟು ಬಂದಳು. ಏನೋ ಹೇಳಿದಳು. ಅವಳ ದನಿಯಲ್ಲಿ ಕೊಂಕು ಇತ್ತು.

"ನನಗೆ ಕಿವಿ ಕೇಳಲ್ಲಮ್ಮ," ಎಂದರು ಭಾವ, ರಸ್ತೆಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ನಾಯಿಗೂ ಕೇಳಲ್ಲ. ನೀನು ಬಂದಿದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಪಂಪು ಎಲ್ಲಿದೆ ತೋರಿಸು."

ಅವಳು ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ, ನಾವು ನಿಮಗೆ ಸೊಕ್ಕು ಅಂದ್ಕೊಂಡಿದ್ವಲ್ಲ!" ಎಂದಳು. ಮಧ್ಯಾಹ್ನದೊಳಗೆ ಅವಳ ಹೊಲದಲ್ಲಿ ನೀರು ಹರಿಯಿತು. ಸಂಜೆಯ ಹೊತ್ತಿಗೆ ಇನ್ನೂ ಎರಡು ಪಂಪುಗಳು ಬಂದು ಗೇಟಿನ ಪಕ್ಕದಲ್ಲಿ ಕೂತವು.

ಅಕ್ಕ ಬಂದಾಗ ಭಾವ ಇನ್ನೂ ಅಲ್ಲೇ ಇದ್ದರು. ಅವಳು ಪಂಪುಗಳನ್ನು ನೋಡಿದಳು, ತೆರೆದ ಗೇಟನ್ನು ನೋಡಿದಳು, ನನ್ನ ಮುಖ ನೋಡಿದಳು. ಎಲ್ಲ ಅರ್ಥವಾಯಿತು.

"ನಿನಗೆ ಗೊತ್ತಿತ್ತಾ?" ಎಂದರು ಭಾವ ಅವಳಿಗೆ.

ಅಕ್ಕ ಹೌದೆಂದು ತಲೆಯಾಡಿಸಿದಳು.

"ಯಾವಾಗಿನಿಂದ?"

"ಹೋದ ಚಳಿಗಾಲದಿಂದ."

"ಗೊತ್ತಿದ್ದೂ ದಿನಾ ಸಂಜೆ ನನ್ನ ಬೆನ್ನ ಹಿಂದೆ ಕೂತು ಏನೇನೋ ಮಾತಾಡ್ತಾನೇ ಇರ್ತಿದ್ದೆಯಲ್ಲೇ? ತಿರುಗಿ ನೋಡಿದಾಗೆಲ್ಲ ತುಟಿ ಆಡ್ತಿರ್ತಿತ್ತು."

"ನಿಮಗಲ್ಲ ರೀ. ಸುಬೇದಾರನ ಹತ್ರ ಹೇಳ್ಕೋತಿದ್ದೆ. ಅವನಾದ್ರೂ ಕೇಳ್ತಾನಲ್ಲ ಅಂತ."

ಭಾವ ನನ್ನ ಕಡೆ ನೋಡಿದರು. ನಾನು ಪಂಪುಗಳ ಕಡೆ ನೋಡಿದೆ.

"ಅವನಿಗೂ ಕೇಳಲ್ಲ ಕಣೇ," ಎಂದರು ಭಾವ.

ಅಕ್ಕ ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟು ಅಲ್ಲೇ ಗೇಟಿನ ಕಟ್ಟೆಯ ಮೇಲೆ ಕೂತುಬಿಟ್ಟಳು. "ಹಾಗಾದ್ರೆ ಇಷ್ಟು ದಿನ ನಾನು ಯಾರ ಹತ್ರ ಮಾತಾಡಿದ್ದು?" ಎಂದಳು. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

ಭಾವ ಸ್ಟೂಲನ್ನು ಎಳೆದು ಅವಳ ಮುಖಕ್ಕೆ ಮುಖ ಕೊಟ್ಟು ಕೂತರು. "ಹೇಳು. ಮೊದಲಿನಿಂದ. ಜೋರಾಗಿ."

"ಈಗೇನು ಹೇಳೋದು? ಎಲ್ಲ ಹಳೇದಾಯ್ತು."

"ಹಳೇದೇ ಹೇಳು."

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು, ಒದ್ದೆ ಇಲ್ಲದಿದ್ದರೂ. ಆಮೇಲೆ ಯಂತ್ರಗಳ ಸದ್ದಿನ ಮೇಲೆ ಕೂಗುವವಳ ಹಾಗೆ ದನಿ ಎತ್ತಿದಳು. "ಹೋದ ವರ್ಷ ನನ್ನ ಎದೇಲಿ ಗಂಟಾಗಿತ್ತು. ನಮ್ಮ ಆಸ್ಪತ್ರೇಲೇ ತೋರಿಸ್ದೆ. ಪರೀಕ್ಷೆ ಮಾಡಿ, ಏನೂ ಇಲ್ಲ, ಹೆದರ್ಬೇಡಿ ಅಂದ್ರು. ಅವತ್ತು ಸಂಜೆ ಬಂದು ನಿಮಗೇ ಮೊದಲು ಹೇಳಿದ್ದು. ನೀವು, ಹೌದು, ಈ ಸಲ ಚಳಿ ಜಾಸ್ತಿ ಅಂದ್ರಿ. ಅವತ್ತೇ ನನಗೆ ಗೊತ್ತಾಗಿದ್ದು."

ರಸ್ತೆಯಾಚೆ ಹೊಲದವಳು ಪೈಪು ಹಿಡಿದು ನಿಂತವಳು ಹಾಗೇ ನಿಂತಳು. ಭಾವ ಸ್ಟೂಲನ್ನು ಅಕ್ಕನಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

"ಇನ್ನೊಂದ್ಸಲ ಹೇಳು," ಎಂದರು.

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ಇನ್ನೊಂದ್ಸಲ ಹೇಳು."