ನಿಂಗಮ್ಮನ ಹೆಸರಿನ ಚೀಟಿ

ನಿಂಗಮ್ಮ, ಆ ವರ್ಷ ನಿನ್ನ ಹೆಸರಿನ ಚೀಟಿ ಬಂದಿತ್ತು. ನಾನೇ ಅದನ್ನು ನನ್ನ ಮಗಳ ಕೈಗೆ ಕೊಟ್ಟೆ. ಬಂದಿಲ್ಲ ಎಂದು ನಿನಗೆ ಹೇಳಿದ್ದು ಸುಳ್ಳು.

ಬರೆದುಬಿಟ್ಟೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ ಇದು, ಇಷ್ಟಕ್ಕೇ ಬೆರಳು ನೋಯುತ್ತಿವೆ. ಪಡಸಾಲೆಯಲ್ಲಿ ನಿಮ್ಮ ನಗು ಕೇಳಿಸುತ್ತಿದೆ — ನೀನು, ನಿನ್ನ ಮಗಳು ಸಾವಿತ್ರಿ, ಅವಳು ಹಡೆದ ಹನ್ನೆರಡು ದಿನದ ಕೂಸು. ಮೊಮ್ಮಗಳ ಮಗಳನ್ನು ಕಣ್ಣಾರೆ ಕಂಡೆ ನಾನು. ಹಿಗ್ಗು ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಮುಂಜಾನೆಯಿಂದ ಎಷ್ಟು ಸಲ ಎದ್ದು ಹೋಗಿ ಇಣುಕಿದೆನೋ. ಜೋಳದ ಕಾಳಿನಂಥ ಆ ಕಾಲ್ಬೆರಳು, ನಿದ್ದೆಯಲ್ಲಿ ಹಾಲು ಕುಡಿಯುವ ಆ ಬಾಯಿ... ನೋಡಿ ಬಂದು ಕೂತರೆ ಕೂರಲಾಗುವುದಿಲ್ಲ. ಮತ್ತೆ ಏಳುತ್ತೇನೆ. ಹಿಗ್ಗಿಗಷ್ಟೇ ಅಲ್ಲ.

ನಿನ್ನೆ ನೀನು ಆಡಿದ ಮಾತು ಕೂರಗೊಡುತ್ತಿಲ್ಲ. ನಾಳೆ ಕೂಸನ್ನು ತೊಟ್ಟಿಲಿಗೆ ಹಾಕುವುದು, ಏನು ಹೆಸರಿಡೋಣ ಎಂದು ಮಾತು ನಡೆದಿತ್ತು. ನೀನು ಥಟ್ಟನೆ ಅಂದೆ, "ದ್ಯಾವಮ್ಮ. ನಮ್ಮ ಅತ್ತೇರ ಹೆಸರ ಇಡೂಣು."

ಸಾವಿತ್ರಿ ಹಣೆ ಬಡಿದುಕೊಂಡಳು. "ಯವ್ವಾ, ಈಗ ಯಾರರೆ ದ್ಯಾವಮ್ಮ ಅಂತ ಇಡ್ತಾರೇನ? ಸಾಲ್ಯಾಗ ಹುಡುಗ್ರು ಎಮ್ಮಿ ಕರದಂಗ ಕರೀತಾರ."

"ಕರೀಲಿ ಬಿಡು. ನಾ ದವಾಖಾನ್ಯಾಗ ಬಿದ್ದಾಗ ಹಡದವ್ವನೂ ಮಾಡಲಾರದಷ್ಟು ಮಾಡ್ಯಾರ ಈ ದ್ಯಾವಮ್ಮ."

ಎಲ್ಲರೂ ನಕ್ಕಿರಿ. ನಾನು ಸೆರಗು ಬಾಯಿಗೆ ಹಿಡಿದೆ. ಮುದುಕಿ ನಾಚಿಕೊಂಡಳು ಎಂದುಕೊಂಡಿರಿ.

ನಾಲ್ಕು ವರ್ಷದ ಹಿಂದಿನ ಪಂಚಮಿ. ಹತ್ತಿಕುಣಿಗೆ ಕೊಟ್ಟ ನನ್ನ ಮಗಳು ಲಕ್ಷ್ಮಿ ತವರಿಗೆ ಬಂದಿದ್ದಳು. ನೀನು ಹೊಲಕ್ಕೆ ಕಳೆ ತೆಗೆಯಲು ಹೋಗಿದ್ದೆ. ನಮ್ಮೂರ ಆಶಾ ಕಾರ್ಯಕರ್ತೆ ಹುಡುಗಿ ಮನೆಗೆ ಬಂದು ಚೀಟಿ ಕೊಟ್ಟಳು. ನಲವತ್ತು ದಾಟಿದ ಹೆಂಗಸರಿಗೆ ಶಹಾಪುರದಲ್ಲಿ ತಪಾಸಣೆ ಇದೆ — ಬಿಪಿ, ಶುಗರು, ಎದೆ, ಗರ್ಭಚೀಲ, ಎಲ್ಲ ನೋಡುತ್ತಾರೆ. ಏನೂ ನೋವಿಲ್ಲದಿದ್ದರೂ ಹೋಗಬೇಕು, ನೋವು ಬರುವ ಮೊದಲೇ ಹಿಡಿಯುವುದಕ್ಕೆ ಇದು ಎಂದು ಬಿಡಿಸಿ ಹೇಳಿದಳು. ಊರಿಗೆ ಒಂದೇ ಜೀಪು, ಎಂಟೇ ಚೀಟಿ. ಅದರಲ್ಲಿ ಒಂದು ನಿನ್ನದು.

ಪಂಚಮಿಗೆ ಬಂದ ಮಗಳನ್ನು ಬರಿಗೈಯಲ್ಲಿ ಕಳಿಸಬಾರದು. ಕುಬಸದ ಖಣ ತಂದಿಟ್ಟಿದ್ದೆ, ಉಂಡಿ ಕಟ್ಟಿದ್ದೆ. ಆ ಚೀಟಿಯನ್ನೂ ಅವುಗಳ ಜೊತೆ ಕೊಟ್ಟುಬಿಟ್ಟೆ — ಉಂಡಿ ಕೊಟ್ಟ ಹಾಗೆಯೇ. ಲಕ್ಷ್ಮಿ ಸೊರಗಿದ್ದಳು, ಗಂಡನ ಮನೆಯಲ್ಲಿ ಅವಳನ್ನು ದವಾಖಾನೆಗೆ ಕರೆದೊಯ್ಯುವವರಿರಲಿಲ್ಲ. ನೀನೋ, ಒಂದು ದಿನವೂ ಹಾಸಿಗೆ ಹಿಡಿದವಳಲ್ಲ. ಗಟ್ಟಿ ಸೊಸೆ, ಇವಳಿಗೇನಾಗುತ್ತದೆ ಅಂದುಕೊಂಡೆ... ಇಲ್ಲ, ಅಷ್ಟೂ ಅಂದುಕೊಳ್ಳಲಿಲ್ಲ. ಮಗಳು ಅಂದುಕೊಂಡೆ, ಅಷ್ಟೇ.

ಉದ್ಯೋಗ ಖಾತ್ರಿ ಕೆಲಸದಲ್ಲಿ ಒಬ್ಬರ ಹೆಸರಿಗೆ ಇನ್ನೊಬ್ಬರು ಹೋಗಿ ಬುಟ್ಟಿ ಹೊರುವುದು ನಮಗೇನು ಹೊಸದೆ? "ನಿಂಗಮ್ಮ ಅಂತ ಕರದ್ರ ಹೂಂ ಅನ್ನು" ಎಂದು ಕಲಿಸಿ ಜೀಪು ಹತ್ತಿಸಿದೆ; ಆಶಾ ಹುಡುಗಿ ಆ ಜೀಪಿನಲ್ಲಿ ಇರಲಿಲ್ಲ. ಅವಳು ಹೂಂ ಅಂದಳು. ಎದೆ ನೋಡಿದರು, ಏನೂ ಇಲ್ಲ ಎಂದರು. ಆ 'ಏನೂ ಇಲ್ಲ' ನಿನ್ನ ಹೆಸರಿನ ಮುಂದೆ ಬರೆದುಕೊಂಡರು.

ಸಂಜೆ ಹೊಲದಿಂದ ಬಂದು ಕಾಲು ತೊಳೆಯುತ್ತ ಕೇಳಿದೆ ನೀನು, ನಿನ್ನ ಹೆಸರು ಬರಲಿಲ್ಲವೇ ಎಂದು. ಮುಂದಿನ ಸಲ ಬರುತ್ತದಂತೆ ಎಂದೆ ನಾನು. ಲಕ್ಷ್ಮಿಯ ಚೀಟಿ ಅವರ ಊರಿಂದಲೇ ಬಂದಿತ್ತು ಎಂದೂ ಸೇರಿಸಿದೆ. ನೀನು ಹೋಗಿ ಒಲೆ ಹಚ್ಚಿದೆ.

ತಪ್ಪು ಅಷ್ಟಕ್ಕೇ ನಿಂತಿದ್ದರೆ — ಆದರೆ ನಿಲ್ಲಲಿಲ್ಲ.

ಮರುವರ್ಷ ಒಂದು ದಿನ ನೀನು ಜಳಕ ಮಾಡಿ ಬಂದವಳು ನನ್ನ ಕೈ ಹಿಡಿದು ನಿನ್ನ ಎಡಗಡೆ ಎದೆಯ ಮೇಲಿಟ್ಟೆ. ಕಡಲೆಕಾಳಿನಷ್ಟು ಗಂಟು. ನೋವಿಲ್ಲ ಅಂದೆ ನೀನು. ನಾನು ಔಡಲ ಎಣ್ಣೆ ಹಚ್ಚಿದೆ. "ಈ ಸಲ ಹೆಂಗೂ ನನ್ನ ಹೆಸರ ಬರ್ತದಲ್ರಿ ಅತ್ತಿ, ಆಗ ತೋರಿಸ್ತೀನಿ" ಅಂದೆ ನೀನು.

ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಇನ್ನೂ ನೋಡಿಸಿಕೊಳ್ಳದವರಿಗೇ ಮೊದಲು ಚೀಟಿ ಎಂದು ಆಶಾ ಹುಡುಗಿ ಹೇಳಿಹೋಗಿದ್ದಳು. ಅವಳ ಪುಸ್ತಕದಲ್ಲಿ ನೀನು ನೋಡಿಸಿಕೊಂಡವಳು. ನೀನು ಬಾರದ ಚೀಟಿಗೆ ಕಾಯುತ್ತಿದ್ದೆ. ನೀನು ಕಾಯುವುದನ್ನು ನಾನು ನೋಡುತ್ತಿದ್ದೆ — ಎದುರಿಗೇ ಕೂತು, ನೀನು ಬಡಿದ ರೊಟ್ಟಿ ತಿನ್ನುತ್ತ. ಬಾಯಿ ಬಿಟ್ಟಿದ್ದರೆ ನನ್ನ ಮಗ ಬೈಯುತ್ತಿದ್ದ, ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಅಷ್ಟಕ್ಕೇ ಅಂಜಿದೆ. ಏಳೆಂಟು ತಿಂಗಳು.

ರಟ್ಟೆ ನೋಯತೊಡಗಿದ ಮೇಲೆ ಮಗ ನಿನ್ನನ್ನು ಕಲಬುರಗಿಗೆ ಕರೆದೊಯ್ದ. ನಾನೂ ಬಂದೆ. ಡಾಕ್ಟರು ಕೈಯಿಟ್ಟು ನೋಡಿ, ಗಂಟು ಸಣ್ಣದಿದ್ದಾಗಲೇ ಬಂದಿದ್ದರೆ ಬರೀ ಅದನ್ನಷ್ಟೇ ತೆಗೆಯಬಹುದಿತ್ತು, ಯಾಕೆ ಬರಲಿಲ್ಲ ಎಂದು ಕೇಳಿದರು. ನೀನು ಸೆರಗು ಸರಿಮಾಡಿಕೊಳ್ಳುತ್ತ, ತಪ್ಪು ನಿನ್ನದೇ ಎಂಬಂತೆ ಅಂದೆ:

"ನನ್ನ ಹೆಸರ ಬಂದಿದ್ದಿಲ್ರಿ ಸರ."

ನಾನು ಪಕ್ಕದಲ್ಲೇ ನಿಂತಿದ್ದೆ, ನಿನ್ನ ಚೀಲ ಹಿಡಿದುಕೊಂಡು.

ಎಡಗಡೆಯ ಎದೆ ತೆಗೆದರು. ಕೂದಲು ಉದುರಿತು. ನಾನು ಗಂಜಿ ಕುಡಿಸಿದೆ, ವಾಂತಿ ಬಳಿದೆ, ಬೋಳು ತಲೆಗೆ ಎಣ್ಣೆ ಸವರಿದೆ. ಅದನ್ನೇ ನೀನು ಹಡೆದವ್ವನೂ ಮಾಡಲಾರದ್ದು ಎನ್ನುತ್ತೀ. ಅದು ಮಾಯೆ-ಮಮತೆಯೋ, ಅಂಜಿಕೆಯೋ — ಬಿಡಿಸಿ ನೋಡಲು ಹೋದರೆ ನನಗೇ ತಿಳಿಯುವುದಿಲ್ಲ. ಮೊದಲ ವರ್ಷವೇ ನೀನು ಹೋಗಿದ್ದರೂ ಏನೂ ಕಾಣುತ್ತಿರಲಿಲ್ಲವೇನೋ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇರಬಹುದು. ಆದರೆ ಆ ಕಡಲೆಕಾಳು ನನ್ನ ಬೆರಳಿಗೆ ಸಿಕ್ಕಿತ್ತಲ್ಲ.

ಈಗಷ್ಟೇ ಮತ್ತೆ ಎದ್ದು ಹೋಗಿ ನೋಡಿ ಬಂದೆ. ಕೂಸು ನಿನ್ನ ಬಲಗಡೆಗೆ ಒರಗಿ ಮಲಗಿದೆ. ನೀನು ಯಾವಾಗಲೂ ಬಲಗಡೆಗೇ ಹಾಕಿಕೊಳ್ಳುತ್ತೀ. ಎಡಗಡೆ ಎಲುಬು ಒತ್ತುತ್ತದೆ, ಪಾಪ, ಕೂಸಿಗೆ ಮೆತ್ತಗಾಗುವುದಿಲ್ಲ ಎನ್ನುತ್ತೀ. ನಿನ್ನನ್ನೂ ಕೂಸನ್ನೂ ಹಾಗೆ ನೋಡಿ ಕುಣಿಯಬೇಕು ಅನ್ನಿಸುತ್ತದೆ. ಎಡಗಡೆ ನೋಡಿದೊಡನೆ ಕಾಲು ಅಲ್ಲೇ ನಿಲ್ಲುತ್ತದೆ.

ಲಕ್ಷ್ಮಿಯನ್ನು ಬೈಯಬೇಡ, ಅವಳು ನನ್ನ ಮಾತಿಗೆ ಹೂಂ ಅಂದವಳು. ಮುಂಜಾನೆ ಆಶಾ ಹುಡುಗಿಯ ಮನೆಗೆ ಹೋಗಿ ಇದ್ದದ್ದನ್ನೆಲ್ಲ ಹೇಳಿ ಬಂದೆ. ಅವಳು ಪುಸ್ತಕ ತೆಗೆದು ನಿನ್ನ ಹೆಸರಿನ ಮುಂದಿನ 'ಏನೂ ಇಲ್ಲ'ವನ್ನು ಹೊಡೆದುಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು.

ಈ ಹಾಳೆಯನ್ನು ಸಾವಿತ್ರಿಯ ಕೈಗೆ ಕೊಡುತ್ತೇನೆ, ಅವಳು ನಿನಗೆ ಓದಿ ಹೇಳಲಿ. ನಾಳೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಮೊದಲು ನಿನಗಿದು ಗೊತ್ತಾಗಬೇಕು. ದ್ಯಾವಮ್ಮ ಅಂತ ಮಾತ್ರ ಇಡಬೇಡ. ನಾನು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಕೂಸು ಅತ್ತರೂ ಎದ್ದು ಬರುವುದಿಲ್ಲ. ನೀನು ಕರೆದರೆ ಬರುತ್ತೇನೆ.