ಸೂಜಿ ಮತ್ತು ಮೊಂಡು ಸೀಟು

ಗ್ಯಾರೇಜಿನಲ್ಲಿ ಎಲ್ಲರೂ ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು. ಆ ಹೆಸರು ಬಂದದ್ದು ಕಸುಬಿನಿಂದ, ಅಂಟಿಕೊಂಡದ್ದು ಮೈಕಟ್ಟಿನಿಂದ. ಅವಳಪ್ಪನದು ಕಾರಿನ ಸೀಟು ಹೊಲಿಯುವ ಅಂಗಡಿ. ಸ್ಪಂಜು, ರೆಕ್ಸಿನ್ನು, ದಪ್ಪ ದಾರದ ಉಂಡೆಗಳ ನಡುವೆಯೇ ಅಂಬೆಗಾಲಿಟ್ಟು ಬೆಳೆದವಳು. ಎಷ್ಟು ಉಂಡರೂ ಮೈಗೆ ಹತ್ತದ ದೇಹ. ನಾಲಿಗೆಗೆ ಮಾತ್ರ ದೇವರು ಯಾವ ಕೊರತೆಯನ್ನೂ ಮಾಡಿರಲಿಲ್ಲ. ಅವಳೊಡನೆ ವಾದಕ್ಕಿಳಿದು ಗೆದ್ದವರನ್ನು ಯಾರೂ ಕಂಡಿಲ್ಲ. ಸೋತವರನ್ನು ಇಡೀ ಬೀದಿ ಕಂಡಿದೆ.

ಕಾರುಗಳು ಕಾರ್ಖಾನೆಯಿಂದಲೇ ಚರ್ಮದ ಸೀಟು ತೊಟ್ಟುಕೊಂಡು ಬರತೊಡಗಿದ ಮೇಲೆ ಅಪ್ಪನ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸವಷ್ಟೇ ಉಳಿಯಿತು. ಆದರೆ ಅಲ್ಲೊಂದು ಇಲ್ಲೊಂದು ಹೊಸ ಸೀಟಿನ ಹೊಲಿಗೆ ಬಿಚ್ಚಿದಾಗ ಒಳಗೆ ಮೋಟಾರು, ಬಣ್ಣಬಣ್ಣದ ತಂತಿ, ಪುಟ್ಟ ಪೆಟ್ಟಿಗೆಗಳು ಕಾಣುತ್ತಿದ್ದವು. ಸೂಜಿಯ ಕಣ್ಣು ಅವುಗಳ ಮೇಲೆ ಬಿತ್ತು. ಅಂಗಡಿ ಮುಚ್ಚುವ ಹೊತ್ತಿಗೆ ಅವಳು ಸಂಜೆ ತರಗತಿಗೆ ಹೋಗಿ ಕಾರಿನ ಎಲೆಕ್ಟ್ರಿಕಲ್ ಕೆಲಸ ಕಲಿತಾಗಿತ್ತು. ಆಮೇಲೆ ನೇರವಾಗಿ ದೊಡ್ಡಪ್ಪನ ಗ್ಯಾರೇಜಿಗೆ ಬಂದು, ಹಟ ಹಿಡಿದು ಒಂದು ಮೂಲೆ ಗಿಟ್ಟಿಸಿಕೊಂಡಳು. ಕಿಟಕಿಯ ಪಕ್ಕ ಒಂದು ಬೆಂಚು, ಬಗ್ಗಿಸಬಹುದಾದ ದೀಪ, ತಂತಿ ಪರೀಕ್ಷಿಸುವ ಮೀಟರು, ಕಾರಿನ ದೋಷ ಓದಿ ಹೇಳುವ ಸ್ಕ್ಯಾನರು. ಇಷ್ಟು ಗಟ್ಟಿಯಾಗಿ ‘ಇದು ನನ್ನದು’ ಎನ್ನಬಹುದಾದ ಜಾಗ ಅವಳಿಗೆ ಮನೆಯಲ್ಲೂ ಇರಲಿಲ್ಲ. ಬೆಳಿಗ್ಗೆ ಬಂದವಳೇ ಮೊದಲು ಆ ಬೆಂಚು ಒರೆಸುತ್ತಿದ್ದಳು.

ಈಗ ಆ ಮೂಲೆಗೇ ಕುತ್ತು ಬಂದಿತ್ತು. ತಂದದ್ದು ಒಂದು ಸೀಟು.

ಹಳೆಯದೊಂದು ದೊಡ್ಡ ಕಾರನ್ನು ಬಾಡಿಗೆಗೆ ಓಡಿಸುವ ಗಂಡ ಹೆಂಡತಿ ಇದ್ದರು. ಬೆಳಿಗ್ಗೆ ಗಂಡ ಓಡಿಸುತ್ತಿದ್ದ, ಮಧ್ಯಾಹ್ನದ ಮೇಲೆ ಹೆಂಡತಿ. ಗಂಡ ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಅದಕ್ಕೆ ತಕ್ಕ ದಪ್ಪ. ಹೆಂಡತಿ ಅವನ ಮೊಣಕೈಗೆ ಬರುವಷ್ಟು. ಆ ಕಾರಿನ ಸೀಟಿಗೆ ನೆನಪಿನ ಶಕ್ತಿಯಿತ್ತು. ಒಂದನೇ ಬಟನ್ನು ಒತ್ತಿದರೆ ಗಂಡನ ಅಳತೆಗೆ ಹಿಂದಕ್ಕೆ ಹೋಗಬೇಕು, ಎರಡನೆಯದನ್ನು ಒತ್ತಿದರೆ ಹೆಂಡತಿಯ ಅಳತೆಗೆ ಮುಂದಕ್ಕೆ ಬರಬೇಕು. ಹೆಂಡತಿಗೆ ಅದು ಹೇಳಿದ ಮಾತು ಕೇಳುತ್ತಿತ್ತು. ಗಂಡ ಒತ್ತಿದರೆ ಒಂದು ಬೆರಳಗಲ ಸರಿದು ನಿಂತುಬಿಡುತ್ತಿತ್ತು. ಪಾಪ, ಆ ಮನುಷ್ಯ ಮಂಡಿಯನ್ನು ಸ್ಟೀರಿಂಗಿಗೆ ಆನಿಸಿಕೊಂಡು ಊರೆಲ್ಲ ಸುತ್ತಬೇಕಾಗಿತ್ತು.

ಸೀಟು ಎಲ್ಲಿದೆ ಎಂದು ಅದನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ತಿಳಿಸುವುದು ಮೋಟಾರಿನೊಳಗಿನ ಒಂದು ಚಿಕ್ಕ ಸೆನ್ಸರು. ಮೋಟಾರು ತಿರುಗಿದ ಸುತ್ತುಗಳನ್ನು ಅದು ಎಣಿಸಿ ಹೇಳುತ್ತಿರುತ್ತದೆ. ಎಣಿಕೆ ನಿಂತರೆ, ಸೀಟು ಎಲ್ಲೋ ಸಿಕ್ಕಿಕೊಂಡಿದೆ ಎಂದು ಹೆದರಿ ಪೆಟ್ಟಿಗೆ ಮೋಟಾರನ್ನೇ ನಿಲ್ಲಿಸಿಬಿಡುತ್ತದೆ. ಸ್ಕ್ಯಾನರು ಕೂಡ ಸೆನ್ಸರಿನ ಕಡೆಗೇ ಬೆರಳು ಮಾಡಿತು. ಸೂಜಿ ಮೋಟಾರನ್ನು ಸೆನ್ಸರಿನ ಸಮೇತ ಬದಲಾಯಿಸಿದಳು. ಕಾರು ವಾಪಸು ಬಂತು. ಪೆಟ್ಟಿಗೆ ಬದಲಾಯಿಸಿದಳು. ಮತ್ತೆ ಬಂತು. ಪ್ರತಿ ಸಲವೂ ಗ್ಯಾರೇಜಿನಲ್ಲಿ ಸೀಟು ಹಸುಕಂದನ ಹಾಗೆ ಸಾಧುವಾಗಿ ಹಿಂದೆ ಮುಂದೆ ಓಡಾಡುತ್ತಿತ್ತು. ಮರುದಿನ ಗಂಡ ಫೋನು ಮಾಡಿ ಗೋಳು ತೋಡಿಕೊಳ್ಳುತ್ತಿದ್ದ.

ಹೆಡ್ ಮೆಕ್ಯಾನಿಕ್ ಮೇಸ್ತ್ರಿಗೆ ಇದೇ ಬೇಕಾಗಿತ್ತು. ಚಕ್ರದ ಅಲೈನ್‌ಮೆಂಟ್ ಮಾಡುವ ಹೊಸ ಮಿಷನ್ನಿಗೆ ಆ ಕಿಟಕಿ ಮೂಲೆಯೇ ಸರಿ ಎಂದು ಅವನು ದೊಡ್ಡಪ್ಪನ ಕಿವಿ ಕಚ್ಚುತ್ತಲೇ ಇದ್ದ. ಆ ಬೆಳಿಗ್ಗೆ ಕಾರು ಮತ್ತೆ ಗೇಟಿನೊಳಗೆ ಬಂದದ್ದನ್ನು ಕಂಡು ದೊಡ್ಡಪ್ಪನ ತಾಳ್ಮೆ ಕೆಟ್ಟಿತು.

“ನೋಡು ಮಗಳೇ, ಸಾಯಂಕಾಲದೊಳಗೆ ಇದು ಸರಿಯಾಗ್ಬೇಕು. ಇಲ್ಲಾಂದ್ರೆ ನಾಳೆ ಬೆಂಚು ಎತ್ತಿಸ್ತೀನಿ. ನೀನು ಕೌಂಟರಲ್ಲಿ ಕೂತ್ಕೊಂಡು ಬಿಲ್ಲು ಬರಿ” ಎಂದ.

“ಬಿಲ್ಲು ಬರೆಯೋಕೆ ಬೇರೆ ಯಾರನ್ನಾದ್ರೂ ಹುಡುಕು, ದೊಡ್ಡಪ್ಪಾ” ಎಂದು ಜೋರಾಗಿಯೇ ಹೇಳಿದಳು. ಆದರೆ ಈ ಮೂಲೆ ಹೋದರೆ ತಾನು ಏನೂ ಅಲ್ಲ ಎಂಬ ಭಯ ಅವಳನ್ನು ಹಿಡಿದುಕೊಂಡಿತ್ತು.

ಕಾರು ತಂದ ಗಂಡ ಹೆಂಡತಿ ಅಲ್ಲೇ ಕಿತ್ತಾಡುತ್ತಿದ್ದರು.

“ಇವಳೇ ಏನೋ ಒತ್ತಿ ಕೆಡಿಸ್ತಾಳೆ” ಎಂದ ಗಂಡ.

“ನಾನ್ಯಾಕೆ ಕೆಡಿಸ್ಲಿ? ನಂಗೆ ಸರಿಯಾಗೇ ಬರುತ್ತಲ್ಲ” ಎಂದವಳು ಸರಕ್ಕನೆ ಒಳಗೆ ಕೂತು ಎರಡು ಬಟನ್ನುಗಳನ್ನೂ ಒಂದಾದ ಮೇಲೊಂದು ಒತ್ತಿ ತೋರಿಸಿದಳು. ಸೀಟು ಹಿಂದೆ ಹೋಯಿತು, ಮುಂದೆ ಬಂತು. “ನೋಡಿದ್ರಾ? ದೋಷ ಸೀಟಿಂದಲ್ಲ, ಇವ್ರದ್ದು.”

ಇಬ್ಬರೂ ಜಗಳವಾಡುತ್ತಲೇ ಬಸ್ಸು ಹಿಡಿಯಲು ಹೋದರು. ಸೂಜಿ ಮಾತ್ರ ಅಲ್ಲೇ ಕಲ್ಲಾಗಿ ನಿಂತಿದ್ದಳು. ದೋಷ ಇವರದ್ದು. ಆ ಹೆಂಗಸು ಸಿಟ್ಟಿನಲ್ಲಿ ಆಡಿದ ಮಾತೇ ನಿಜವಾಗಿದ್ದರೆ?

ದೊಡ್ಡಪ್ಪನ ಗ್ಯಾರೇಜಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಗ್ರೀಸು ಮೆತ್ತಿದ ಬಟ್ಟೆಯವರು ಗಿರಾಕಿಯ ಸೀಟಿನ ಮೇಲೆ ಕೂರುವಂತಿಲ್ಲ. ಕಾರನ್ನು ಒಳಗೆ ತಂದು ನಿಲ್ಲಿಸುವುದೂ ಗಿರಾಕಿಯೇ. ಹೀಗಾಗಿ ಮೇಸ್ತ್ರಿಯಿಂದ ಹಿಡಿದು ಸೂಜಿಯವರೆಗೆ ಎಲ್ಲರೂ ಬಾಗಿಲ ಹೊರಗೆ ನಿಂತು, ಕೈ ಚಾಚಿ ಬಟನ್ನು ಒತ್ತಿ, ಸೀಟು ಓಡಿದ್ದು ಕಂಡು ಸರಿಯಾಯಿತು ಎನ್ನುತ್ತಿದ್ದರು. ಇಷ್ಟು ದಿನ ಅವಳು ರಿಪೇರಿ ಮಾಡಿದ್ದು ಖಾಲಿ ಸೀಟನ್ನು! ಅವಳಪ್ಪ ಕೊನೆಯ ಹೊಲಿಗೆ ಹಾಕುವ ಮೊದಲು ಗಿರಾಕಿಯನ್ನು ಕೂರಿಸದೆ ಬಿಟ್ಟವನೇ ಅಲ್ಲ. ಯಾರಾದರೂ ಕೂತ ಮೇಲೆ ಸೀಟು ಬೇರೆಯದೇ ವಸ್ತು ಎಂಬುದು ಹೊಲಿಯುವವರ ಮನೆಯಲ್ಲಿ ಮಕ್ಕಳಿಗೂ ಗೊತ್ತು. ತನ್ನ ತಲೆಗೆ ತಾನೇ ಮೊಟಕಿಕೊಳ್ಳಬೇಕು ಅನ್ನಿಸಿತು ಅವಳಿಗೆ.

ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಬಟ್ಟೆ ಹಾಸಿ ತಾನೇ ಕೂತಳು. ಒಂದನೇ ಬಟನ್ನು ಒತ್ತಿದಳು. ಸೀಟು ಸುಸೂತ್ರವಾಗಿ ಹಿಂದಕ್ಕೆ ಹೋಯಿತು. ಅವಳಿಗೆ ಬೇಸರವಾಗಲಿಲ್ಲ, ನಗು ಬಂತು. ತಾನೂ ಆ ಹೆಂಗಸೂ ಸೇರಿದರೂ ಆ ಗಂಡನ ಒಂದು ಕಾಲಿನ ತೂಕಕ್ಕೆ ಸಮವಿಲ್ಲ. ಈಗ ಬೇಕಾದದ್ದು ತೂಕ. ಮೆಕ್ಯಾನಿಕ್ಕುಗಳೆಲ್ಲ ಅವಳಂತೆಯೇ ಒಣಗಿದ ಕಡ್ಡಿಗಳು. ಇಡೀ ಗ್ಯಾರೇಜಿನಲ್ಲಿ ತೂಕವೂ ಇದ್ದು, ಬಟ್ಟೆಯೂ ಶುಭ್ರವಾಗಿದ್ದವರು ಒಬ್ಬರೇ.

“ದೊಡ್ಡಪ್ಪಾ, ಬಾ ಇಲ್ಲಿ. ಈ ಸೀಟಲ್ಲಿ ಕೂತ್ಕೋ.”

“ನಾನಾ? ನಾನ್ಯಾಕೆ?”

“ನಿನ್ನಷ್ಟು ಭಾರ ಇನ್ಯಾರೂ ಇಲ್ಲ, ಅದಕ್ಕೆ.”

ಕೆಲಸದವರು ಮುಸಿಮುಸಿ ನಕ್ಕರು. ದೊಡ್ಡಪ್ಪ ಮುಖ ಗಂಟಿಕ್ಕಿಕೊಂಡೇ ಬಂದು ಕೂತ. ಸ್ಪಂಜು ಉಸ್ಸೆಂದಿತು. ಬಟನ್ನು ಒತ್ತಿದ್ದೇ ತಡ, ಸೀಟು ಒಂದು ಬೆರಳಗಲ ಸರಿದು ನಿಂತಿತು. ಸ್ಕ್ಯಾನರಿನ ಪರದೆಯ ಮೇಲೆ ಎಣಿಕೆಯೂ ನಿಂತಿತ್ತು.

“ಸಿಕ್ಕಿಬಿದ್ದೆ!” ಎಂದು ಸೂಜಿ ಕುಣಿದುಬಿಟ್ಟಳು.

“ಯಾರು, ನಾನಾ?” ಎಂದ ದೊಡ್ಡಪ್ಪ ಗಾಬರಿಯಿಂದ.

ಅವಳು ಆಗಲೇ ಟಾರ್ಚು ಹಿಡಿದು ಹಿಂದಿನ ಬಾಗಿಲಿನಿಂದ ನೆಲಕ್ಕೆ ಒರಗಿ ಸೀಟಿನ ಅಡಿಗೆ ತಲೆ ತೂರಿಸಿದ್ದಳು. ಸೆನ್ಸರಿನಿಂದ ಬರುವ ತಂತಿಯ ಎರಡು ತುದಿಗೂ ಮೀಟರು ಹಿಡಿದಳು. “ಏಳು” ಎಂದಳು. ಮೀಟರು ಕೂಗಿತು, ತಂತಿ ಸರಿಯಿದೆ. “ಕೂರು” ಎಂದಳು. ಮೀಟರು ಬಾಯಿ ಮುಚ್ಚಿತು. “ಏಳು. ಕೂರು. ಇನ್ನೊಂದ್ಸಲ ಏಳು.” ಜೋರುಗಾರ ಯಜಮಾನ ಹೀಗೆ ಬಸ್ಕಿ ಹೊಡೆಯುವುದನ್ನು ನೋಡಲು ಎಲ್ಲರೂ ಕೆಲಸ ಬಿಟ್ಟು ಸುತ್ತ ನೆರೆದರು. ಬೆವರು ಒರೆಸಿಕೊಳ್ಳುತ್ತಿದ್ದ ದೊಡ್ಡಪ್ಪ ಒಮ್ಮೆಯೂ ಬೇಡವೆನ್ನಲಿಲ್ಲ. ಅವನಿಗೂ ಈಗ ಹುರುಪು ಬಂದಿತ್ತು.

ಗುಟ್ಟು ರಟ್ಟಾಯಿತು. ಹಿಂದೆ ಯಾರೋ ಸೀಟಿಗೆ ಹೊಸ ಕವರು ಹಾಕುವಾಗ, ಅಂದವಾಗಿ ಕಾಣಲೆಂದು ತಂತಿಗಳನ್ನೆಲ್ಲ ಒಟ್ಟುಗೂಡಿಸಿ ಕಬ್ಬಿಣದ ಪಟ್ಟಿಗೆ ಬಿಗಿಯಾಗಿ ಕಟ್ಟಿದ್ದರು. ಭಾರ ಬಿದ್ದಾಗ ಸ್ಪಂಜಿನ ಕೆಳಗಿನ ಸ್ಪ್ರಿಂಗು ಇಳಿದು ಆ ಕಟ್ಟನ್ನು ಪಟ್ಟಿಯ ಅಂಚಿಗೆ ಅದುಮುತ್ತಿತ್ತು. ಹೊರಗೆ ತಂತಿಯ ಸಿಪ್ಪೆ ನುಣ್ಣಗಿತ್ತು. ಒಳಗಿನ ತಾಮ್ರ ತುಂಡಾಗಿತ್ತು. ಹಗುರದವರು ಕೂತರೆ ತುಂಡುಗಳು ಒಂದಕ್ಕೊಂದು ತಾಗಿಕೊಂಡಿರುತ್ತಿದ್ದವು, ಭಾರದವರು ಕೂತರೆ ದೂರವಾಗುತ್ತಿದ್ದವು.

ಕಟ್ಟು ಬಿಚ್ಚಿದಳು. ಹೊಸ ತಂತಿಯನ್ನು ಸೀಟು ಎಷ್ಟು ಓಡಾಡಿದರೂ ಬಿಗಿಯಾಗದಷ್ಟು ಸಡಿಲ ಬಿಟ್ಟು ಬೆಸೆದಳು. ಕೊಳವೆ ತೊಡಿಸಿ ಸ್ಪ್ರಿಂಗಿಗೆ ಎಟುಕದ ಕಡೆಯಿಂದ ಹಾಯಿಸಿದಳು. ಸ್ಕ್ಯಾನರಿನಿಂದ ಹಳೆಯ ದೂರು ಅಳಿಸಿ, ಸೀಟನ್ನು ಆ ಕೊನೆಗೂ ಈ ಕೊನೆಗೂ ಪೂರ್ತಿ ಓಡಿಸಿ, ಅದರ ಎಲ್ಲೆ ಎಲ್ಲಿದೆಯೆಂದು ಪೆಟ್ಟಿಗೆಗೆ ಮತ್ತೆ ಕಲಿಸಿದಳು. ಅಷ್ಟರಲ್ಲಿ ದೊಡ್ಡಪ್ಪ ಯಾರೂ ಹೇಳದೆಯೇ ಬಂದು ಸೀಟಿನಲ್ಲಿ ವಿರಾಜಮಾನನಾಗಿದ್ದ. ಹಿಂದೆ ಹೋದ, ಮುಂದೆ ಬಂದ, ಮತ್ತೆ ಹಿಂದೆ ಹೋದ. ಎಬ್ಬಿಸಬೇಕಾದರೆ ಸಾಕುಸಾಕಾಯಿತು.

ಸಂಜೆ ದಂಪತಿಗಳು ಬಂದರು. ಗಂಡ ಅನುಮಾನದಿಂದಲೇ ಕೂತು ಒಂದನೇ ಬಟನ್ನು ಒತ್ತಿದ. ಸೀಟು ಎಲ್ಲೂ ತಡೆಯದೆ ಹಿಂದಕ್ಕೆ ಜಾರಿತು. ಅವನು ಕಾಲು ಚಾಚಿದ, ಪೂರ್ತಿ ಚಾಚಿದ, ಕಣ್ಣು ಮುಚ್ಚಿ “ಅಬ್ಬಾ!” ಎಂದ. ಸೂಜಿ ಇದ್ದದ್ದನ್ನು ಇದ್ದ ಹಾಗೆ ವಿವರಿಸಿದಳು.

“ಹಾಗಾದ್ರೆ ಇಷ್ಟು ದಿನ ನಾನು ಹೊರಗೆ ನಿಂತು ಬಟನ್ ಒತ್ತಿ, ಆಮೇಲೆ ಕೂತಿದ್ರೆ ಸಾಕಿತ್ತಾ?”

“ಸಾಕಿತ್ತು.”

ಹೆಂಡತಿ ಬಿದ್ದು ಬಿದ್ದು ನಕ್ಕಳು. “ದೋಷ ಇವ್ರದ್ದೇ ಅಂತ ನಾನು ಹೇಳ್ಲಿಲ್ವಾ?”

ಕಾರು ಗೇಟು ದಾಟಿತು. ಸೂಜಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬದುಕಿನಲ್ಲಿ ಇಷ್ಟು ಸಂತೋಷ ಅವಳಿಗೆ ಎಂದೂ ಆಗಿರಲಿಲ್ಲ. ಮೇಸ್ತ್ರಿ ಮೆಲ್ಲಗೆ ದೊಡ್ಡಪ್ಪನ ಬಳಿ ಸರಿದು, “ಹಾಗಾದ್ರೆ ಆ ಮಿಷನ್ ಎಲ್ಲಿಡೋದು, ಯಜಮಾನ್ರೇ?” ಎಂದ.

“ನನ್ನ ಕೋಣೆ ಗೋಡೆ ಒಡೆಸಿ. ಅಲ್ಲಿ ಹಿಡಿಯುತ್ತೆ.”

“ಮತ್ತೆ ನೀವೆಲ್ಲಿ ಕೂರ್ತೀರಾ?”

“ಇವಳ ಬೆಂಚಿನ ಪಕ್ಕ ಒಂದು ಕುರ್ಚಿ ಹಾಕ್ಕೋತೀನಪ್ಪಾ. ಭಾರ ಬೇಕಾದಾಗ ಕರೆಯೋಕೆ ಹತ್ತಿರ ಇರ್ಬೇಕಲ್ಲ.”

ಸೂಜಿ ಆ ಕ್ಷಣವೇ ಬೆಂಚಿಗೆ ಭುಜ ಕೊಟ್ಟು ತಳ್ಳಿ, ಕಿಟಕಿಯ ಪಕ್ಕ ಕುರ್ಚಿಗೆ ಜಾಗ ಮಾಡಿದಳು.